ಮಾತಿಗೆ ನಿಂತವಳ ಗುಡಿಸಲು

"ಲೇ ಬೋಸುಡೇರಾ, ಕೈ ಆಡಸ್ತೀರೋ ಇಲ್ಲಾ ಬಾಯಿ ಆಡಸ್ತೀರೋ? ತೊಟ್ಟ ಬಿಡಸಾಕ ನಿಮ್ಮಪ್ಪ ಬರ್ತಾನೇನು?"

ಕರಬಸಪ್ಪ ಸಾವಕಾರ ತನ್ನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದ. ಕೆಳಗೆ ಮೆಣಸಿನಕಾಯಿ ರಾಶಿಯ ಸುತ್ತ ಕುಳಿತಿದ್ದ ನಾವು ಹದಿನೆಂಟು ಹೆಂಗಸರು ತಲೆ ಎತ್ತಲಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬೈಗುಳ ಕೇಳಿ ತಲೆ ಎತ್ತಿದವಳು ಕೆಲಸಕ್ಕೆ ಹೊಸಬಳೆಂದೇ ಅರ್ಥ. ನಾನು ಹನ್ನೆರಡು ವರ್ಷ ಹಳಬಳು. ಹೆಸರು ಮುಮ್ತಾಜಬಿ. ಗಂಡ ಚಾಂದಸಾಬ ಅಲ್ಲೇ ಹಮಾಲಿ ಮಾಡುತ್ತಿದ್ದ.

ದಿನವಿಡೀ ತೊಟ್ಟು ಮುರಿದರೆ ಅಂಗೈ ಧಗಧಗ ಉರಿಯುತ್ತದೆ. ಆ ಕೈಯಲ್ಲಿ ಕೂಸು ಮುಟ್ಟಿದರೆ ಮುಗಿಯಿತು, ಊರೆಲ್ಲ ಕೇಳುವಂತೆ ಚೀರುತ್ತದೆ. ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ದಿನಕ್ಕೊಬ್ಬಳು ಪಾಳಿಯಂತೆ ರಾಶಿಗೆ ಕೈ ಹಾಕದೆ ಎಲ್ಲರ ಕೂಸುಗಳನ್ನು ನೋಡಿಕೊಳ್ಳಬೇಕು. ಅವಳ ಪಾಲಿನ ಕಾಯಿಯನ್ನು ಉಳಿದವರು ಬಿಡಿಸಿಕೊಡಬೇಕು. ನನ್ನ ರೋಷನಬಿ ಹುಟ್ಟಿದಾಗ ನನಗೆ ಹಾಲೇ ಬರಲಿಲ್ಲ. ಆಗ ನಮ್ಮೊಂದಿಗೇ ತೊಟ್ಟು ಬಿಡಿಸುತ್ತಿದ್ದ ಹೊಳಿಯವ್ವ ಮೂರು ತಿಂಗಳು ಎಲ್ಲರ ಪಾಳಿಯನ್ನೂ ತಾನೇ ತೆಗೆದುಕೊಂಡು, ಆಡಿನ ಹಾಲಿನಲ್ಲಿ ಅರಿವೆ ಅದ್ದಿ ಅದ್ದಿ ಚೀಪಿಸಿ ನನ್ನ ಕೂಸನ್ನು ಉಳಿಸಿದಳು. ಹೊಳೆದಂಡೆಯ ಮೇಡ್ಲೇರಿ ಕಡೆಯವಳು. ಅವಳ ಗುಡಿಸಲು ನಮ್ಮದಕ್ಕೆ ಅಂಟಿಕೊಂಡೇ ಇತ್ತು. ಒಂದು ದಿನ ನೀನು ಇವಳ ಮುಖ ನೋಡುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಮಧ್ಯಾಹ್ನ ಬೈದ ಅದೇ ಬಾಯಿ ಸಂಜೆಗೆ ಯವ್ವಾ, ತಂಗೀ ಅನ್ನುತ್ತ ನಮ್ಮ ಗುಡಿಸಲುಗಳಿಗೆ ಬಂತು. ಪುರಸಭೆ ಚುನಾವಣೆ ನಿಗದಿಯಾಗಿತ್ತು. ಸಾವಕಾರನ ಹಿಂದೆ ಆಳಿನ ತಲೆಯ ಮೇಲೆ ಸೀರೆಯ ಗಂಟು, ಸಾವಕಾರನ ಕೈಯಲ್ಲಿ ಒಂದು ತಟ್ಟೆ. ತಟ್ಟೆಯ ತುಂಬ ದೇವರಗುಡ್ಡದಿಂದ ತರಿಸಿದ ಮೈಲಾರಲಿಂಗನ ಭಂಡಾರ. ಅರಿಶಿನಪುಡಿಯೇ ಆದರೂ ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ಮನೆತನ ಉಳಿಯುವುದಿಲ್ಲ ಎಂದು ಈ ಕಡೆಯವರು ನಂಬುತ್ತಾರೆ.

"ನಾ ನಿಮ್ಮ ಮನಿ ಮಗಾ. ಭಂಡಾರ ಮುಟ್ಟಿ ಹೇಳ್ರಿ, ಓಟು ನನಗ ಅಂತ."

ಆಗಿನ್ನೂ ಚುನಾವಣೆಗೆ ನಿಂತವನು ಅವನೊಬ್ಬನೇ. ಹೆಂಗಸರು ಸಾಲಾಗಿ ಬಂದು ಮುಟ್ಟಿ ಸೀರೆ ತೆಗೆದುಕೊಂಡರು. ನಮ್ಮ ಬಾಗಿಲಿಗೆ ಬಂದವನು, "ನಿಮಗ ಕುರಾನದ ಆಣಿ" ಅಂದ.

"ಕುರಾನ ಮಸೂತ್ಯಾಗ ಐತ್ರಿ. ಅದನ್ನ ಓಟಿಗೆ ಎಳೀಬ್ಯಾಡ್ರಿ" ಎಂದ ಚಾಂದಸಾಬ. ನಮಗೆ ಸೀರೆ ಸಿಗಲಿಲ್ಲ.

ವಾರದೊಳಗೆ ಪುರಸಭೆಯ ಜವಾನನೊಬ್ಬ ಸುದ್ದಿ ತಂದ. ನಮ್ಮ ನಲವತ್ತು ಗುಡಿಸಲು ನಿಂತ ಜಾಗವನ್ನು ಸಾವಕಾರ ತನ್ನ ಕೋಲ್ಡ್ ಸ್ಟೋರೇಜಿಗೆ ಕೇಳಿದ್ದಾನಂತೆ. ಗೆದ್ದು ಒಳಗೆ ಕುಳಿತರೆ ಆ ಜಾಗವನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತಾನೆ. ಹಮಾಲರೆಲ್ಲ ಸೇರಿ ಚಾಂದಸಾಬನನ್ನು ಎದುರು ನಿಲ್ಲಿಸಿದರು. ಭಂಡಾರ ಮುಟ್ಟಿದ್ದ ಹೆಂಗಸರು ಕೈ ತೊಳೆದುಕೊಂಡು, "ಮೈಲಾರಪ್ಪಗ ಎಲ್ಲಾ ತಿಳೀತೈತಿ ಬಿಡು" ಎಂದು ನಕ್ಕರು. ಸಾವಕಾರನ ಸೀರೆ ಉಟ್ಟುಕೊಂಡೇ ನನ್ನ ಗಂಡನಿಗೆ ಓಟು ಕೇಳಲು ತಿರುಗಿದರು.

ಓಟಿನ ಹಿಂದಿನ ದಿನ ಹೊಳಿಯವ್ವ ಬಂದು ನನ್ನೆದುರು ಕುಳಿತಳು.

"ಮುಮ್ತಾಜ, ನಿನ್ನ ಮುಂದ ಮುಚ್ಚಿಡಾಕ ಆಗವಲ್ದು. ನಮ್ಮ ಮನ್ಯಾಗಿನ ಮೂರೂ ಓಟು ಸಾವಕಾರಗ."

"ಹುಚ್ಚ ಹಿಡದೈತೇನ ನಿನಗ? ಅಂವ ಸುಳ್ಳ ಹೇಳಿ ಮುಟ್ಟಿಸ್ಯಾನ."

"ಅಂವ ಸುಳ್ಳ ಹೇಳ್ಯಾನ. ನಾ ಸುಳ್ಳ ಹೇಳಿ ಮುಟ್ಟಿಲ್ಲಲ್ಲ. ಗಂಡನ್ನ ಹೊಳಿ ನುಂಗೇತಿ. ಇರಾಂವ ಒಬ್ಬ ಮಗಾ. ಅವಗೇನರ ಆದ್ರ?"

"ನಾವೆಲ್ಲಾ ಬೀದಿಗೆ ಬಿದ್ರ?"

"ನಿಮ್ಮ ಜೋಡಿ ನಾನೂ ಬೀಳ್ತೇನಿ."

ಅಳುತ್ತಲೇ ಹೇಳಿದಳು. ನಾನು ಗದ್ದ ಹಿಡಿದು ಬೇಡಿದೆ. ಕೇಳದಿದ್ದಾಗ ಬಾಯಿಗೆ ಬಂದಂತೆ ಬೈದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು.

ಚಾಂದಸಾಬ ಮೂರು ಓಟಿನಿಂದ ಸೋತ.

ಪೇಟೆಯ ದೊಡ್ಡ ಮನೆಗಳೆಲ್ಲ ಸಾವಕಾರನಿಗೇ ಹಾಕಿದ್ದವು. ಅವರನ್ನು ಬೈಯಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಬೈಗುಳವೆಲ್ಲ ಹೊಳಿಯವ್ವನ ಬಾಗಿಲಿಗೆ ಹೋಯಿತು. ಅವಳ ಓಟಿನ ಗುಟ್ಟನ್ನು ನಾನೇ ಎಲ್ಲರಿಗೂ ಹೇಳಿದ್ದೆ, ಅದು ಸಾವಕಾರನ ಕಿವಿಗೂ ಬಿದ್ದಿತ್ತು. ಅವಳ ಪಾಳಿ ಕಿತ್ತುಕೊಂಡೆವು. ಒಂದು ದಿನ ರೋಷನಬಿ ಅಭ್ಯಾಸದಂತೆ ಅವಳ ಕಡೆ ಅಂಬೆಗಾಲಿಟ್ಟುಕೊಂಡು ಹೋಯಿತು. ಹೊಳಿಯವ್ವ ಕೈ ಚಾಚಿದಳು. ನಾನು ಓಡಿಹೋಗಿ, ಉರಿಯುವ ಕೈಯಲ್ಲೇ ಕೂಸನ್ನು ಎಳೆದುಕೊಂಡೆ. ಅದು ಚೀರಿ ಚೀರಿ ನೀಲಿಯಾಯಿತು. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಎರಡು ತಿಂಗಳಿಗೆ ಪುರಸಭೆಯ ಟ್ರ್ಯಾಕ್ಟರು ಬಂತು, ಪೊಲೀಸರು ಬಂದರು. ಸಾಹೇಬನೊಬ್ಬ ಏನೋ ಕಾಗದ ಓದಿದ. ಚಾಂದಸಾಬ ಅವನ ಕಾಲಿಗೆ ಬಿದ್ದ.

"ಹೊರದೇಶಕ್ಕ ಮಾಲ ಹೊಂಟೈತಲೇ ಈಗ" ಎಂದ ಸಾವಕಾರ. "ನಿಮ್ಮ ಹರಕ ಚಪ್ಪರ ನೋಡ್ಕೋತ ಕುಂದ್ರೂದೈತೇನು? ಏಳ ಮ್ಯಾಲೆ, ಸೋತ ಸುಣ್ಣಾದ ಮಗನ."

ಮೂವತ್ತೊಂಬತ್ತು ಗುಡಿಸಲು ಮಧ್ಯಾಹ್ನದೊಳಗೆ ನೆಲ ಕಂಡವು. ನಾವು ಪಾತ್ರೆ, ಕೌದಿ, ಕೂಸುಗಳೊಂದಿಗೆ ರಸ್ತೆಯ ಬದಿಗೆ ಕುಳಿತೆವು. ನಲವತ್ತನೆಯದಕ್ಕೆ ಟ್ರ್ಯಾಕ್ಟರು ತಿರುಗಿದಾಗ ಸಾವಕಾರ ಕೈ ಅಡ್ಡ ಮಾಡಿದ.

"ಅದನ್ನ ಬಿಡ್ರಿ. ನಲವತ್ತ ಮನ್ಯಾಗ ಮಾತಿಗೆ ನಿಂತಾಕಿ ಅಕಿ ಒಬ್ಬಾಕಿ. ಗೋಡೌನ ಕಾಯ್ಕೋತ ಇಲ್ಲೇ ಬಿದ್ದಿರ್ಲಿ."

ಎಲ್ಲರೂ ಹೊಳಿಯವ್ವನನ್ನು ನೋಡಿದೆವು. ಅವನು ಅದನ್ನೂ ಕೆಡವಿದ್ದರೆ ಅವಳು ಅಂದೇ ಮತ್ತೆ ನಮ್ಮವಳಾಗುತ್ತಿದ್ದಳು. ಆ ಸೂಳೆಮಗ ಅದನ್ನೂ ಆಗಗೊಡಲಿಲ್ಲ.

ಹೊಳಿಯವ್ವ ಒಳಗೆ ಹೋದಳು. ಹಾಸಿಗೆ ಹಿಡಿದಿದ್ದ ಅತ್ತೆ ಗದಿಗೆವ್ವನನ್ನು ಎತ್ತಿಕೊಂಡು ಬಂದು ನಮ್ಮ ಕೌದಿಗಳ ನಡುವೆ ಮಲಗಿಸಿದಳು. ಆಮೇಲೆ ತಿರುಗಿ ಹೋಗಿ ತನ್ನ ಮಾಡಿನ ಹುಲ್ಲನ್ನು ಹಿರಿಯತೊಡಗಿದಳು.

"ಏ ಹೊಳಿಯವ್ವ, ನಿಂದು ಉಳಿಸೇನಿ ಅಂದೆನಲ್ಲ" ಎಂದ ಸಾವಕಾರ.

"ಓಟು ಹಾಕಿದ ದಿನಾನ ನನ್ನ ಮಾತು ತೀರೇತಿ, ಸಾವಕಾರ. ಇದು ನನ್ನ ಗುಡಸಲಾ. ನಾವ ಗಂಡಾ ಹೆಂಡತಿ ಕಟ್ಟೇವಿ, ನಾನ ಕೆಡವತೇನಿ. ನಿನ್ನ ದಾನಕ್ಕ ಬೆಂಕಿ ಹಾಕ."

ಮಗ ಓಡಿಬಂದು ಕೈ ಹಿಡಿದ. ಕೊಡವಿಕೊಂಡಳು. ಹುಲ್ಲು ಹೋಯಿತು, ತಟ್ಟಿ ಹೋಯಿತು. ನಡುಗಂಬ ಮಾತ್ರ ಅಲುಗಲಿಲ್ಲ. ಅದನ್ನು ತಬ್ಬಿ ಜಗ್ಗಿದಳು, ಕುಸಿದು ಕುಳಿತಳು, ಮತ್ತೆ ಎದ್ದು ಜಗ್ಗಿದಳು. ನಮ್ಮಲ್ಲಿ ಒಬ್ಬರೂ ಮಿಸುಕಲಿಲ್ಲ. ಅವಳಿಗೆ ಅಷ್ಟೆಲ್ಲ ಅಂದ ಮೇಲೆ ಯಾವ ಮುಖ ಹೊತ್ತು ಹೋಗುವುದು?

ರೋಷನಬಿಯನ್ನು ಚಾಂದಸಾಬನ ತೊಡೆಯ ಮೇಲೆ ಹಾಕಿ ನಾನು ಎದ್ದೆ. ಕಂಬದ ಆ ಕಡೆ ನಿಂತೆ. ತಪ್ಪಾಯಿತು ಎನ್ನಬೇಕಾಗಿತ್ತು, ಆ ಮಾತು ಬರಲಿಲ್ಲ.

"ನಿನ್ನ ಗಂಡ ಇದನ್ನ ಭಾಳ ಆಳ ಹುಗದಾನ" ಎಂದೆ.

"ಹೂಂ. ಭಾಳ ಆಳ" ಎಂದಳು.

ಇಬ್ಬರೂ ಕಂಬಕ್ಕೆ ಹೆಗಲು ಕೊಟ್ಟೆವು.