ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ

ಸಿಂಧನೂರಿನ ಕರಿಬಸಯ್ಯನ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ಸಂಗಮ್ಮ. ಗಂಡ ತೀರಿಹೋದ ಮೇಲೆ ಟೈಪಿಂಗ್ ಕಲಿತವಳು, ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಬಂದಾಗ ಅದಕ್ಕೂ ಕೈ ಪಳಗಿಸಿಕೊಂಡಿದ್ದಳು. ಊರ ಅರ್ಧ ಲಗ್ನಪತ್ರಿಕೆಗಳು ಅವಳ ಬೆರಳಿನಿಂದಲೇ ಹೊರಡುತ್ತಿದ್ದವು. ಆದರೆ ಆ ಬೆರಳು ವಿಧವೆಯದೆಂದು ಗಿರಾಕಿಗಳಿಗೆ ತಿಳಿಯಬಾರದಲ್ಲ! ಅದಕ್ಕೇ ಕರಿಬಸಯ್ಯ ಅವಳನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲಿಗೆ ಪರದೆ ಕಟ್ಟಿದ್ದ.

ಅಮವಾಸ್ಯೆಯ ಮರುದಿನ ಮಸ್ಕಿಯ ಬಾಲಪ್ಪ, ಅಕ್ಕ ಅಮರಮ್ಮನ ಮಗಳ ಲಗ್ನಪತ್ರಿಕೆ ನೋಡಲು ಅಕ್ಕನೊಂದಿಗೆ ಬಂದ. ಬಂದವನು ಪರದೆ ಸರಿಸಿ ಒಳಗೇ ನುಗ್ಗಿಬಿಟ್ಟ. ಸಂಗಮ್ಮ ಫೈಲ್ ತೆರೆದಳು. ಬರೀ ಚೌಕ, ಕೊಕ್ಕೆ, ಸೊಟ್ಟ ಗೆರೆ. ಮನೆದೇವರು ಅಮರೇಶ್ವರನ ಹೆಸರೂ ಇಲ್ಲ, ಮದುಮಗಳ ಹೆಸರೂ ಇಲ್ಲ.

ಬಾಲಪ್ಪನ ಕಣ್ಣು ಅವಳ ಬರಿ ಹಣೆಯ ಮೇಲೆ ನಿಂತಿತು.

"ಇಂಥಾಕಿ ಕೈಲೆ ಬರೆಸೀರೇನ್ರೀ ಅಯ್ಯನವರ? ಅಪಶಕುನ ಆತು ನೋಡ್ರಿ. ಈಕಿ ಇಲ್ಲಿ ಇರೂಮಟ ನಮ್ಮ ಮಂದಿ ಯಾರೂ ಬರಂಗಿಲ್ಲ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಏನು ಹೇಳುವುದು! ಈ ಕೆಲಸ ಹೋದರೆ ಸಂಗಮ್ಮನಿಗೆ ಮತ್ತೆ ಅಣ್ಣನ ಮನೆಯ ಮೂಲೆಯೇ ಗತಿ.

ಆಗ ಅವಳಿಗೆ ನೆನಪಾಯಿತು. ರಿಪೇರಿಯಾಗಿ ಬಂದ ಕಂಪ್ಯೂಟರು ನಿನ್ನೆ, ಈ ಫೈಲನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ ಎಂದು ಕೇಳಿತ್ತು. ಅಷ್ಟರಲ್ಲೇ ಕರಿಬಸಯ್ಯ ಅವಳನ್ನು ಎಬ್ಬಿಸಿ, ಅಮವಾಸ್ಯೆ ಪೂಜೆಗೆಂದು ಕೀಬೋರ್ಡನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದ್ದ. ಗುಂಡಿಗಳು ಒತ್ತಿಹೋಗಿ, ಕೇಳಿದ್ದಕ್ಕೆ ಬಟ್ಟೆಯೇ ಉತ್ತರ ಕೊಟ್ಟಿತ್ತು: ಸಾದಾ ಅಕ್ಷರವಷ್ಟೇ ಓದಬಲ್ಲ ನೋಟ್‌ಪ್ಯಾಡು!

"ಅಕ್ಷರ ಕೆಟ್ಟಿಲ್ಲರೀ. ನಿನ್ನೆ ಕೀಬೋರ್ಡ್ ಒರೆಸೂವಾಗ ಓದಾಕ ಬರಲಾರದವರ ಕೈಗೆ ಹೋಗ್ಯಾವ, ಅಷ್ಟ."

ಶಿಫ್ಟ್ ಅದುಮಿ ಮೌಸಿನ ಬಲಗುಂಡಿ ಒತ್ತಿದಳು. ತೆರೆದ ಪಟ್ಟಿಯಿಂದ, ತಾನು ಪತ್ರಿಕೆ ಜೋಡಿಸುವ ಪೇಜ್‌ಮೇಕರ್ ಆರಿಸಿ, ಯಾವಾಗಲೂ ಇದರಲ್ಲೇ ತೆರೆ ಎಂಬುದಕ್ಕೆ ಗುರುತು ಹಾಕಿದಳು. ಅಮರೇಶ್ವರ ಬಂದ, ಮದುಮಗಳೂ ಬಂದಳು.

"ಒರೆಸಿದಾಂವ ನಾನ," ಎಂದ ಕರಿಬಸಯ್ಯ, ನೆಲ ನೋಡುತ್ತ.

"ಆದ್ರೂ ಕೈ..." ಎಂದು ಬಾಲಪ್ಪ ರಾಗ ಎಳೆದ.

ಬಾಗಿಲಲ್ಲೇ ನಿಂತಿದ್ದ ಅಮರಮ್ಮ ಮುಂದೆ ಬಂದಳು. ಅವಳ ಹಣೆಯೂ ಬರಿದೇ.

"ಬಾಲ್ಯಾ, ಹಂಗಾರ ನಾನೂ ಅಪಶಕುನ ಏನಲೇ? ಮದುಮಗಳನ್ನ ಹಡೆದಾಕಿ ನಾನು."

ಪ್ರಿಂಟರಿನಿಂದ ಮೊದಲ ಪ್ರತಿ ಹೊರಬಂತು. ಮೊದಲ ಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚುವುದು ಮುತ್ತೈದೆಯರ ಕೆಲಸ. ಅಮರಮ್ಮ ನಿನ್ನೆಯ ಪೂಜೆ ತಟ್ಟೆಯಿಂದ ಅರಿಷಿಣದ ಬಟ್ಟಲು ತೆಗೆದು ಸಂಗಮ್ಮನ ಮುಂದಿಟ್ಟಳು.

"ನೀ ಒಂದು ಮೂಲಿಗೆ ಹಚ್ಚು ತಂಗಿ. ನಾ ಒಂದು ಮೂಲಿಗೆ ಹಚ್ತೀನಿ."

ಸಂಗಮ್ಮ ಟೈಪ್ ಮಾಡುವ ಬೆರಳನ್ನೇ ಅರಿಷಿಣದಲ್ಲಿ ಅದ್ದಿ ಪತ್ರಿಕೆಯ ಮೂಲೆಗೆ ಹಚ್ಚಿದಳು.