ಏಳಕ್ಷರದ ಆಚೆ

ತೆಕ್ಕಲಕೋಟೆ ತಿಪ್ಪೇರುದ್ರಪ್ಪ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವ ಮನುಷ್ಯ. ನಾಲ್ಕು ಹೆಜ್ಜೆ ನಡೆದ ಮೇಲೆ ಏನೋ ಕೊರೆದಂತಾಗಿ ತಿರುಗಿ ಬಂದು ಇನ್ನೊಂದು ಸಲ ಎಳೆಯುತ್ತಿದ್ದ. ಹೋಟೆಲಿನಲ್ಲಿ ಇಡ್ಲಿ ಬಂದರೆ ಮಗುಚಿ ನೋಡದೆ ಬಾಯಿಗಿಡುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆ ಎಲ್ಲರಿಗೂ ಗೊತ್ತು. ಇವನ ಲೆಕ್ಕದಲ್ಲಿ ಹಾಲೂ ಹಾಲಲ್ಲ.

ಇಂಥವನ ಕೈಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಹತ್ತಿ ಬೀಜದ ಕಂಪನಿಯ ಕಂಪ್ಯೂಟರು ಸಿಕ್ಕಿತ್ತು. ಸಾವಿರದ ಒಂಬೈನೂರ ಎಂಬತ್ತೇಳನೆಯ ಇಸವಿ. ಮಷೀನು ಗೋದ್ರೇಜ್ ಕಪಾಟಿನಷ್ಟು ದೊಡ್ಡದು, ಮದರಾಸಿನಲ್ಲಿ ಯಾರೋ ಎಂಟು ವರ್ಷ ದುಡಿಸಿ ಬಿಟ್ಟದ್ದು. ಅದರೊಳಗಿದ್ದ ಆಪರೇಟಿಂಗ್ ಸಿಸ್ಟಂ ಕೂಡ ಅಷ್ಟೇ ಹಳೆಯದು. ಅದಕ್ಕೆ ಹವಾನಿಯಂತ್ರಿತ ಕೋಣೆ, ಕೋಣೆಗೆ ಬೀಗ, ಬೀಗಕ್ಕೆ ತಿಪ್ಪೇರುದ್ರಪ್ಪ. ಅವನ ಕೈಕೆಳಗೆ ಕುರುಗೋಡು ಸುಂಕಣ್ಣ. ಇಪ್ಪತ್ತೆಂಟರ ಪ್ರಾಯದವನು, ಪಾಲಿಟೆಕ್ನಿಕ್‌ನಲ್ಲಿ ಓದಿ, ತನ್ನ ಕೇರಿಯಿಂದ ಮೊದಲು ಇಂಥ ಕೆಲಸಕ್ಕೆ ಬಂದವನು. ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ತಿಪ್ಪೇರುದ್ರಪ್ಪನಿಗೆ ಅನುಮಾನ ಹೆಚ್ಚು. ಮಾತು ಹೆಚ್ಚಿದ್ದವರ ಮೇಲೂ ಅಷ್ಟೇ ಅನ್ನಿ.

ಆ ಜನವರಿಯಲ್ಲಿ ಕಂಪನಿಯ ಒಡತಿ ಚನ್ನವೀರಮ್ಮ ಹೈದರಾಬಾದಿನಿಂದ ಒಂದು ಟೇಪು ತರಿಸಿದಳು. ಒಬ್ಬೊಬ್ಬ ರೈತನಿಂದ ಬಂದ ಬೀಜದ ಲಾಟುಗಳನ್ನು ಪರೀಕ್ಷೆ ಮಾಡಿ ಪಾಸು ಫೇಲು ಹೇಳುವ ಹೊಸ ಪ್ಯಾಕೇಜು. ಬಂದದ್ದು ಸಿದ್ಧ ಪ್ರೋಗ್ರಾಮಲ್ಲ, ಅದರ ಮೂಲಪಾಠ. ಹೊಲಿದ ಅಂಗಿಯ ಬದಲು ಬಟ್ಟೆ, ಅಳತೆ ಕಳಿಸಿದ ಹಾಗೆ. ನಮ್ಮ ಮಷೀನಿನ ಮೇಲೆ ನಾವೇ ಕಂಪೈಲ್ ಮಾಡಿ ಹೊಲಿದುಕೊಳ್ಳಬೇಕು.

ಹೊಸ ಬಟ್ಟೆ, ಹಳೇ ಹೊಲಿಗೆ ಯಂತ್ರ. ಪ್ಯಾಕೇಜು ಕಟ್ಟಲು ಹೊಸ ಸಲಕರಣೆಯೊಂದು ಬೇಕೆಂದಿತು ಮಷೀನು. ಆ ಸಲಕರಣೆಯನ್ನು ಕಟ್ಟಹೋದರೆ ಅದಕ್ಕೆ ಇನ್ನೊಂದು ಬೇಕು. ಅದಕ್ಕೆ ಬೇಕಾದದ್ದು ಈ ಹಳೇ ಸಿಸ್ಟಮ್ಮಿನಲ್ಲಿ ಹುಟ್ಟಿಯೇ ಇರಲಿಲ್ಲ. ಸುಂಕಣ್ಣ ಇಲ್ಲದ್ದನ್ನು ತಾನೇ ಬರೆದ, ಮುರಿದದ್ದನ್ನು ಜೋಡಿಸಿದ, ಹತ್ತೊಂಬತ್ತು ದಿನ ಪರದೆಯ ಮುಂದಿನಿಂದ ಏಳಲಿಲ್ಲ.

ತಿಪ್ಪೇರುದ್ರಪ್ಪನೂ ಏಳಲಿಲ್ಲ. ಅವನು ಸುಂಕಣ್ಣನ ಹಿಂದೆ ಕುರ್ಚಿ ಹಾಕಿ ಕೂತಿದ್ದ. ಸಂಜೆ ಸುಂಕಣ್ಣ ಬಸ್ಸಿಗೆ ಹೋದ ಮೇಲೆ ಅವನ ಒಂದೊಂದು ಫೈಲಿನ ಸಾಲುಗಳನ್ನೂ ಎಣಿಸಿ ಒಂದು ಕೆಂಪು ರಟ್ಟಿನ ಡೈರಿಯಲ್ಲಿ ಬರೆದಿಡುತ್ತಿದ್ದ. ನಿನ್ನೆ ಇನ್ನೂರ ಹನ್ನೆರಡು, ಇವತ್ತು ಇನ್ನೂರ ಹದಿನಾಲ್ಕು. ಆ ಎರಡು ಸಾಲು ಯಾಕೆ? ಊಟದ ಹೊತ್ತಿನಲ್ಲೂ ಇಲ್ಲೇ ರೊಟ್ಟಿ ಬಿಚ್ಚುತ್ತಾನೆ, ಯಾಕೆ? ಯಾರೂ ಹೇಳಿಕೊಡದ ವಿದ್ಯೆ ಇವನಿಗೆ ಬಂದದ್ದಾದರೂ ಎಲ್ಲಿಂದ? ಎಲ್ಲ ಡೈರಿಗೆ ಹೋಯಿತು.

ಪ್ಯಾಕೇಜಿನಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಭಾಗವೊಂದನ್ನು ನಾವೇ ಬರೆದು ಸೇರಿಸಬೇಕಿತ್ತು. ಎರೆ, ಅಂದರೆ ಕಪ್ಪು ಮಣ್ಣು, ಬಿಗಿದು ಮೊಳಕೆಯನ್ನು ಹಿಡಿದುಬಿಡುತ್ತದೆ. ಹಾಗಾಗಿ ಎರೆಹೊಲದಲ್ಲಿ ಪರೀಕ್ಷೆಗೆ ಬಿತ್ತಿದ ಲಾಟಿಗೆ ನೂರಕ್ಕೆ ಎಂಟು ಮೊಳಕೆ ಕೃಪಾಂಕ. ಮಸಾರಿ, ಅಂದರೆ ಕೆಂಪು ಹೊಲಕ್ಕೆ ಕೃಪಾಂಕವಿಲ್ಲ. ಅರವತ್ತೈದು ದಾಟಿದರೆ ಪಾಸು. ಈ ಭಾಗವನ್ನು ತಿಪ್ಪೇರುದ್ರಪ್ಪ ಬೇರೆಯವರ ಕೈಗೆ ಬಿಡುತ್ತಾನೆಯೇ? ತಾನೇ ಬರೆದ. ಸಿರುಗುಪ್ಪದ ಹೊಲಗಳೆಲ್ಲ ಎರೆ; ಅದಕ್ಕೆ ಪ್ರೋಗ್ರಾಮಿನ ಒಂದೇ ತುಂಡು. ಕುರುಗೋಡಿನಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು; ಅದಕ್ಕೆ ಎರಡು ತುಂಡು. ಒಂದೊಂದು ತುಂಡಿಗೂ ಒಂದು ಹೆಸರಿಡಬೇಕು. ನಮ್ಮ ಕಡೆ ಹೆಸರು ಬರೆಯುವ ರೀತಿಯಲ್ಲೇ ಇಟ್ಟ: ಮೊದಲು ಊರು, ಆಮೇಲೆ ಉಳಿದದ್ದು. ಹಾಜರಿ ಪುಸ್ತಕದಲ್ಲಿ ತೆಕ್ಕಲಕೋಟೆ ತಿಪ್ಪೇರುದ್ರಪ್ಪ, ಕುರುಗೋಡು ಸುಂಕಣ್ಣ. ಪ್ರೋಗ್ರಾಮಿನಲ್ಲಿ ಸಿರುಗುಪ್ಪ ಎರೆ, ಕುರುಗೋಡು ಎರೆ, ಕುರುಗೋಡು ಮಸಾರಿ.

ಸುಂಕಣ್ಣ ಅದನ್ನು ನೋಡಿ ತಲೆ ಕೆರೆದುಕೊಂಡ.

"ಸರ್, ಈ ಹೆಸರು ತಿರುವಿ ಬರೀಲೇನ್ರಿ? ಮಣ್ಣು ಮುಂದ, ಊರು ಹಿಂದ. ಹಳೇ ಮಷೀನು, ಉದ್ದ ಹೆಸರು ತಡಕೊಳ್ಳಂಗಿಲ್ಲ."

"ಎರರ್ ಬಂತೇನು?"

"ಇಲ್ರಿ. ಆದ್ರ..."

"ಎರರ್ ಬರದಿದ್ದ ಮ್ಯಾಲೆ ನನ್ನ ಫೈಲಿಗೆ ಕೈ ಯಾಕ ಹಚ್ಚತೀಯೋ? ನಿನ್ನ ಕೆಲಸ ನೀ ನೋಡ್ಕ."

ಸುಂಕಣ್ಣ ತನ್ನ ಕೆಲಸ ನೋಡಿಕೊಂಡ. ತಿಪ್ಪೇರುದ್ರಪ್ಪ ಅವತ್ತೇ ಆ ಫೈಲಿಗೆ ಪಾಸ್‌ವರ್ಡ್ ಹಾಕಿ, ಡೈರಿಯಲ್ಲಿ ಎರಡು ಗೆರೆ ಎಳೆದು ಈ ಮಾತನ್ನೂ ಬರೆದ.

ಫೆಬ್ರವರಿಯಲ್ಲಿ ಪ್ಯಾಕೇಜು ಎದ್ದು ನಿಂತು ಓಡತೊಡಗಿತು. ಸಿರುಗುಪ್ಪ, ಕುರುಗೋಡಿನ ಪರೀಕ್ಷಾ ಹೊಲಗಳ ಅಂಕಿ ತುಂಬಿದರು. ಪ್ರಿಂಟರು ಕಿರ್ರೆಂದು ಕಾಗದ ಕಾರಿತು. ಚನ್ನವೀರಮ್ಮ ಮಷೀನನ್ನು ನಂಬಿದರೂ ಗೋಣಿತಾಟನ್ನು ಬಿಟ್ಟವಳಲ್ಲ. ಒದ್ದೆ ತಾಟಿನಲ್ಲಿ ನೂರು ಬೀಜ ಸುತ್ತಿಟ್ಟು ಎಂಟು ದಿನ ಬಿಟ್ಟು ಎಣಿಸುವುದು ಅವಳ ತಂದೆಯ ಕಾಲದ ಪದ್ಧತಿ. ಎಣಿಸಿದಳು. ಕಾಗದ ಹಿಡಿದುಕೊಂಡು ಕೋಣೆಗೆ ಬಂದಳು.

"ತಿಪ್ಪೇರುದ್ರಪ್ಪ, ಸಿರುಗುಪ್ಪದ್ದು ಎಲ್ಲಾ ಸರಿ ಐತಿ. ಕುರುಗೋಡಿಂದು ಮೂರು ಲಾಟು ತಾಟಿನಾಗ ಐವತ್ತೆಂಟರ ಮ್ಯಾಲೆ ಏಳವಲ್ವು. ನಿನ್ನ ಮಷೀನು ಪಾಸು ಅಂತೈತಿ. ಇದ್ಯಾಕ?"

ಕುರುಗೋಡಿನದು ಮಾತ್ರ! ತಿಪ್ಪೇರುದ್ರಪ್ಪನಿಗೆ ಮುಂದಿನದು ಕೇಳಿಸಲೇ ಇಲ್ಲ. ಹತ್ತೊಂಬತ್ತು ದಿನ ಕಾದದ್ದು ಸಾರ್ಥಕವಾಯಿತು ಎನ್ನುವ ಒಂದು ಕೆಟ್ಟ ಖುಷಿ ಅವನಿಗಾಯಿತು. ಹೌದು, ಖುಷಿಯೇ. ಅನುಮಾನದವರಿಗೆ ಕಳ್ಳ ಸಿಕ್ಕಾಗ ಆಗುವಷ್ಟು ಖುಷಿ ಮಗ ಹುಟ್ಟಿದಾಗಲೂ ಆಗುವುದಿಲ್ಲ.

ಮಾರನೆಯ ದಿನ ಚನ್ನವೀರಮ್ಮ ಬೀಜ ನೋಡಲು ಸಿರುಗುಪ್ಪಕ್ಕೆ ಹೋದಳು. ಇವನು ಕುರುಗೋಡಿನ ಬಸ್ಸು ಹತ್ತಿದ. ಮೂರು ಲಾಟಿನಲ್ಲಿ ಒಂದನ್ನು ಬೆಳೆದವನು ಅಂಜಿನಪ್ಪ. ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ, ಅಂಜಿನಪ್ಪ ಅಂದರೆ ಸುಂಕಣ್ಣನ ಹೆಂಡತಿ ಮಾರೆಮ್ಮನ ಅಣ್ಣ! ತಿಪ್ಪೇರುದ್ರಪ್ಪ ಅಲ್ಲೇ ನಿಂತು ಡೈರಿ ತೆಗೆದ.

ಅಂಜಿನಪ್ಪ ಮಜ್ಜಿಗೆ ಕೊಟ್ಟ. ಇವನು ಅದರೊಳಗೆ ಇಣುಕಿ ನೋಡಿ ಪಕ್ಕಕ್ಕಿಟ್ಟ.

"ಬೀಜ ಹೆಂಗ ಐತಿ?"

"ಸುಮಾರು ಐತ್ರಿ. ಮಸಾರಿ ಹೊಲ, ನೀರು ಹೆಚ್ಚುಕಡಿಮಿ ಆತು. ಮೊಳಿಯಂಗಿಲ್ಲ ಅಂತ ಮೊದಲಽ ಸುಂಕಣ್ಣಗ ಹೇಳೀನಿ. ಪರೀಕ್ಷಾದಾಗ ಬಿದ್ರ ಬೀಳ್ಲಿ ಭಾವ, ಅಂದ."

ಬೇರೆ ಯಾರಾದರೂ ಆಗಿದ್ದರೆ ಈ ಮಾತು ಕೇಳಿ ಬಸ್ಸು ಹತ್ತಿ ವಾಪಸು ಬಂದು ತಲೆ ತಗ್ಗಿಸಿ ಕೂರುತ್ತಿದ್ದರು. ತಿಪ್ಪೇರುದ್ರಪ್ಪ ಡೈರಿಯಲ್ಲಿ ಬರೆದದ್ದು: "ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ, ಮುಂದಿನ ಪಡಸಾಲೆಯಲ್ಲಿ, ಬೀಜ ಆರಿಸುವ ಹೆಂಗಸರು, ಗೋದಾಮಿನ ಉಚ್ಚಂಗೆಪ್ಪ ಎಲ್ಲರೂ ಇರುವಾಗಲೇ ಸುಂಕಣ್ಣನನ್ನು ನಿಲ್ಲಿಸಿಕೊಂಡ.

"ಭಾವಮೈದುನನ ಬೀಜ ಪಾಸು ಮಾಡ್ಸಾಕ ಮಷೀನಿಗೆ ಏನು ತಿನ್ನಿಸಿದಿ? ಬೊಗಳು."

ಸುಂಕಣ್ಣನ ಮುಖ ಕಪ್ಪಿಟ್ಟಿತು. "ನಾ ಏನೂ ಮಾಡಿಲ್ರಿ. ಸರ್, ನಿಮ್ಮ ಫೈಲು ಒಮ್ಮಿ..."

"ನನ್ನ ಫೈಲಿನ ಸುದ್ದಿ ಎತ್ತಿದ್ರ ನೋಡು! ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಕಂತೀಯಲ್ಲೋ. ನಾಳಿಂದ ಬರಬ್ಯಾಡ. ಕುರುಗೋಡಿನವ್ರ ಬುದ್ಧಿ ನನಗ್ಗೊತ್ತು."

ಒಬ್ಬ ಹೆಂಗಸು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಸುಂಕಣ್ಣ ಎಲ್ಲರ ಮುಖವನ್ನೂ ಒಂದು ಸಲ ನೋಡಿದ. ರೊಟ್ಟಿಯ ಬುತ್ತಿ ಎತ್ತಿಕೊಂಡು ಹೋದ.

ಸಿರುಗುಪ್ಪದಿಂದ ಬಂದ ಚನ್ನವೀರಮ್ಮ ಸುದ್ದಿ ಕೇಳಿ ಹುಬ್ಬು ಗಂಟಿಕ್ಕಿದಳು. "ಕಳ್ಳ ಅಂದಿ. ಕದ್ದದ್ದು ತೋರಸು. ಒಂದು ವಾರ ಕೊಡ್ತೀನಿ. ತೋರಿಸಿದ್ರ ಅವ ಹೋದದ್ದು ಹೋದ. ತೋರಸದಿದ್ರ ನಾನಽ ಹೋಗಿ ಕರ್ಕೊಂಡು ಬರ್ತೀನಿ."

ಅದೇನು ದೊಡ್ಡ ಕೆಲಸ ಎಂದುಕೊಂಡ ತಿಪ್ಪೇರುದ್ರಪ್ಪ. ಟೇಪಿನ ಮೂಲಪಾಠವನ್ನೂ ಸುಂಕಣ್ಣನ ಫೈಲುಗಳನ್ನೂ ಪ್ರಿಂಟು ತೆಗೆದು ನೆಲದ ತುಂಬ ಹಾಸಿದ. ಸ್ಕೇಲು ಇಟ್ಟು ಸಾಲಿಗೆ ಸಾಲು ಹೊಂದಿಸಿ ನೋಡಿದ. ನಾಲ್ಕು ದಿನ. ಬದಲಾದ ಒಂದೊಂದು ಸಾಲಿಗೂ ಸುಂಕಣ್ಣ ಪಕ್ಕದಲ್ಲೇ ಕಾರಣ ಬರೆದಿಟ್ಟಿದ್ದ. ಡೈರಿಯಲ್ಲಿ ಅನುಮಾನ ಹುಟ್ಟಿಸಿದ ಆ ಎರಡು ಹೆಚ್ಚಿನ ಸಾಲುಗಳೂ ಬರೀ ವಿವರಣೆ. ಗುಡ್ಡ ಅಗೆದರೂ ಇಲಿ ಸಿಗಲಿಲ್ಲ. ಅಷ್ಟು ಚೊಕ್ಕ ಕೆಲಸವನ್ನು ಅವನು ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಐದನೆಯ ದಿನ ಅಂಜಿನಪ್ಪನ ಲಾಟನ್ನೊಂದೇ ತುಂಬಿ ನೋಡಿದ. ಮೊಳಕೆ ಐವತ್ತೆಂಟು, ಹೊಲ ಮಸಾರಿ. ಉತ್ತರ ಅರವತ್ತಾರು, ಪಾಸು. ಐವತ್ತೆಂಟಕ್ಕೆ ಎಂಟು ಕೂಡಿದೆ. ಮಸಾರಿಗೆ ಎರೆಯ ಕೃಪಾಂಕ! ಆ ಎಂಟನ್ನು ಬರೆದ ಕೈ ಸುಂಕಣ್ಣನದಲ್ಲ. ತನ್ನದು, ಪಾಸ್‌ವರ್ಡ್ ಹಾಕಿದ ಫೈಲಿನದು.

ಕಟ್ಟಿ ಮುಗಿದ ಪ್ರೋಗ್ರಾಮಿನೊಳಗೆ ಯಾವ ಯಾವ ಹೆಸರಿವೆ ಎಂದು ಪಟ್ಟಿ ಕೇಳಿದ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದವು, ಎಲ್ಲವೂ ಮೊಂಡು. ಈ ಹಳೇ ಸಿಸ್ಟಂ ಯಾವ ಹೆಸರಿನಲ್ಲೂ ಮೊದಲ ಏಳು ಅಕ್ಷರ ಮಾತ್ರ ಓದುತ್ತಿತ್ತು. ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತಿತ್ತು. ಕುರುಗೋಡು ಎಂದು ಇಂಗ್ಲಿಷಿನಲ್ಲಿ ಬರೆಯಲು ಎಂಟು ಬೇಕು. ಊರಿನ ಹೆಸರು ಮುಗಿಯುವ ಮೊದಲೇ ಅದರ ಓದು ಮುಗಿದಿತ್ತು. ಎರೆ ಯಾವುದು, ಮಸಾರಿ ಯಾವುದು ಅಂತ ಅದು ನೋಡಲೇ ಇಲ್ಲ. ಎರಡೂ ಒಂದೇ ಎಂದುಕೊಂಡು, ಮೊದಲು ಸಿಕ್ಕ ಎರೆಯ ತುಂಡನ್ನು ಎರಡು ಕಡೆಗೂ ಅಂಟಿಸಿ ಸುಮ್ಮನಾಗಿತ್ತು. ಎರರ್ ಕೂಡ ಹೇಳಿರಲಿಲ್ಲ. ಹೊಸ ಸಿಸ್ಟಮ್ಮಿನಲ್ಲಾಗಿದ್ದರೆ ಪೂರ್ತಿ ಹೆಸರು ಓದುತ್ತಿತ್ತು. ಸಿರುಗುಪ್ಪಕ್ಕೆ ಒಂದೇ ತುಂಡು ಇದ್ದದ್ದರಿಂದ ಅಲ್ಲಿ ಗೊಂದಲವಾಗಲಿಲ್ಲ.

ತಿಪ್ಪೇರುದ್ರಪ್ಪ ಡೈರಿ ತೆಗೆದು ಹಿಂದಕ್ಕೆ ಹಿಂದಕ್ಕೆ ತಿರುವಿದ. ಎರಡು ಗೆರೆ ಎಳೆದ ಪುಟ ಸಿಕ್ಕಿತು. "ಹದಿನೈದನೆಯ ದಿನ. ನನ್ನ ಹೆಸರುಗಳನ್ನು ತಿರುವಿ ಬರೆಯುತ್ತೇನೆ ಎಂದ. ಮಣ್ಣು ಮುಂದೆ, ಊರು ಹಿಂದೆ. ಯಾಕೆ? ಎಚ್ಚರ."

ಸುಂಕಣ್ಣನನ್ನು ಹಿಡಿಯಲೆಂದು ಬರೆದ ಡೈರಿ ಸುಂಕಣ್ಣನ ಸಾಕ್ಷಿಯಾಗಿ ಕೂತಿತ್ತು.

ಬಾಗಿಲು ಹಾಕಿತ್ತು. ಕೋಣೆಯಲ್ಲಿ ಅವನೊಬ್ಬನೇ. ಎರಡು ಹೆಸರು ತಿರುವಿ ಬರೆದು, ಮತ್ತೆ ಕಟ್ಟಿ, ಡೈರಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಕೇಳಿದರೆ, ಅವನು ಕೆಡಿಸಿದ್ದ, ನಾನು ರಿಪೇರಿ ಮಾಡಿದೆ ಅನ್ನಬಹುದು. ಚನ್ನವೀರಮ್ಮನಿಗೆ ಕಂಪೈಲರ್ ತಿಳಿಯುತ್ತದೆಯೇ? ಈ ಯೋಚನೆ ಅವನಿಗೆ ಬಂತು, ಬರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಅದರ ಹಿಂದೆಯೇ, ಜೀವಮಾನದಲ್ಲಿ ಮೊದಲ ಸಲ, ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಕೈ ತಾನಾಗಿ ಹೆಗಲು ಮುಟ್ಟಿಕೊಂಡಿತ್ತು.

ಡೈರಿ ಒಯ್ದು ಚನ್ನವೀರಮ್ಮನ ಮೇಜಿನ ಮೇಲಿಟ್ಟ. ಅವಳು ಓದಿದಳು. ಬೈಯಲಿಲ್ಲ. "ನಾ ಹೋಗಂಗಿಲ್ಲ. ನೀನಽ ಹೋಗು," ಎಂದು ಡೈರಿಯನ್ನು ಅವನ ಕೈಗೇ ವಾಪಸು ಕೊಟ್ಟಳು.

ಕುರುಗೋಡಿನಲ್ಲಿ ಸುಂಕಣ್ಣ ಮನೆಯ ಮುಂದೆ ಹಗ್ಗದ ಮಂಚ ಬಿಗಿಯುತ್ತಿದ್ದ. ಎದ್ದು ನಿಂತ, ಆದರೆ ಬರ್ರಿ ಅನ್ನಲಿಲ್ಲ. ತಿಪ್ಪೇರುದ್ರಪ್ಪ ಬಿಸಿಲಿನಲ್ಲೇ ನಿಂತು ಎಲ್ಲ ಹೇಳಿದ. ಏಳು ಅಕ್ಷರ, ಒಂದೇ ತುಂಡು, ತನ್ನ ಫೈಲು.

"ಮಷೀನು ಹಳೇದು, ಸರ್," ಎಂದ ಸುಂಕಣ್ಣ, ಹಗ್ಗ ಕೈಯಲ್ಲೇ ಹಿಡಿದು. "ಕುರುಗೋಡು ಅನ್ನೋದ್ರ ಆಚಿಗೆ ಓದಾಕ ಅದಕ ಬರಂಗಿಲ್ಲ. ನಿಮಗೇನಾಗಿತ್ತು?"

ತಿಪ್ಪೇರುದ್ರಪ್ಪ ಡೈರಿ ಚಾಚಿದ. ಸುಂಕಣ್ಣ ಕೂತು ಓದಿದ. ಒಂದೂ ಪುಟ ಬಿಡದೆ ಓದಿದ. ಒಳಗಿನಿಂದ ಮಾರೆಮ್ಮ ಬಂದು ಬಾಗಿಲಲ್ಲಿ ನಿಂತಳು.

"ನಾ ರೊಟ್ಟಿ ತಿಂದದ್ದೂ ಬರದೀರಿ," ಎಂದ ಕೊನೆಗೆ. "ಬರ್ತೀನಿ ಸರ್. ನನಗ ಆ ಕೆಲಸ ಬೇಕು, ಅದು ನಾ ಕಟ್ಟಿದ್ದು. ಆದ್ರ ಕಳ್ಳ ಅಂದದ್ದು ನಾಕು ಮಂದಿ ಮುಂದ. ಇದನ್ನೂ ಅವ್ರ ಮುಂದಽ ಓದ್ರಿ. ಮೊದಲ ಪುಟದಿಂದ."

"ಎಲ್ಲಾನೂ?"

"ಎಲ್ಲಾನೂ."

ಸೋಮವಾರ ಹತ್ತು ಗಂಟೆ. ಅದೇ ಪಡಸಾಲೆ, ಅದೇ ಹೆಂಗಸರು, ಅದೇ ಉಚ್ಚಂಗೆಪ್ಪ. ಚನ್ನವೀರಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಸುಂಕಣ್ಣ ಬುತ್ತಿ ಹಿಡಿದು ಬಾಗಿಲ ಬಳಿ ನಿಂತಿದ್ದ, ಇನ್ನೂ ಒಳಗೆ ಬಂದಿರಲಿಲ್ಲ. ತಿಪ್ಪೇರುದ್ರಪ್ಪ ಕೆಂಪು ಡೈರಿ ಬಿಚ್ಚಿ, ಕನ್ನಡಕ ಏರಿಸಿ, ಕೆಮ್ಮಿ, ಮೊದಲ ಪುಟ ಓದಿದ.

"ಒಂದನೆಯ ದಿನ. ಕುರುಗೋಡಿನವನು ಕೆಲಸದಲ್ಲಿ ನನಗಿಂತ ಚುರುಕು. ನಂಬಬಾರದು."