ಮಣ್ಣಿನ ಹಿಂದಿನ ಅಕ್ಕ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ದಿನವೂ ರೈಲಿನಲ್ಲಿ ಆರು ಗಂಟೆ ಅಮ್ಮನ ಎದುರು ಮುಖ ಗಂಟು ಹಾಕಿಕೊಂಡೇ ಕೂತಿದ್ದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹರಿದ ಹಾಸಿಗೆಬಟ್ಟೆ ಹೊಲಿಯುವವಳು ನಾನು. ಒಂದು ದಿನ ರಜೆ ಹಾಕಿದರೆ ಮರುದಿನ ಮಿಷಿನ್ನಿನ ಪಕ್ಕ ಬಟ್ಟೆಯ ಗುಡ್ಡವೇ ಬಿದ್ದಿರುತ್ತದೆ. ಅಷ್ಟಾಗಿಯೂ ಹೊರಟಿದ್ದು ಒಂದು ಚಿತ್ರ ನೋಡಲಿಕ್ಕೆ. ಅದೂ ಅಪ್ಪ ಬರೆದ ಚಿತ್ರ; ಅವನು ಬದುಕಿದ್ದಷ್ಟು ದಿನ ಅಮ್ಮ ಮನೆಯಲ್ಲಿ ಅದರ ಸುದ್ದಿ ಎತ್ತಗೊಡುತ್ತಿರಲಿಲ್ಲ.

ಅಪ್ಪ ಒಬ್ಬನೇ ಬರೆದದ್ದಲ್ಲ. ಹದಿನೆಂಟು ಜನ ಸೇರಿ ನಾಲ್ಕು ವರ್ಷ ಬರೆದದ್ದು. ದುಂಡನೆಯ ಕಟ್ಟಡ, ಅದರ ಒಳಗೋಡೆಯ ಸುತ್ತಲೂ ಒಂದೇ ಕ್ಯಾನ್ವಾಸು, ಅದರ ಮೇಲೆ ಬಂದರು ಹೊತ್ತಿ ಉರಿದ ಒಂದು ದಿನ. ಒಬ್ಬನದು ಆಕಾಶ, ಒಬ್ಬನದು ಹಡಗು, ಅಪ್ಪನದು ಓಡುವ ಜನ. ಅದಕ್ಕೇ ಅವನನ್ನು ಎಲ್ಲರೂ ಗುಂಪಿನ ಮೇಷ್ಟ್ರು ಎನ್ನುತ್ತಿದ್ದರು. ಅಷ್ಟೊಂದು ಮುಖ ಎಲ್ಲಿಂದ ತರುವುದು? ಎಲ್ಲರೂ ತಮ್ಮ ತಮ್ಮ ಮನೆಯವರ ಫೋಟೋ ತಂದು, ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಗೀಚಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಚೌಕಕ್ಕೆ ಚೌಕ ನೋಡಿ ಬರೆಯುತ್ತಿದ್ದರಂತೆ.

ಆ ಕೆಲಸದ ನಡುವೆಯೇ ಅಕ್ಕ ತೀರಿಕೊಂಡಳು. ಹದಿನಾರು ವರ್ಷ, ಐದು ದಿನದ ಜ್ವರ. ನಾನಿನ್ನೂ ಹುಟ್ಟಿರಲಿಲ್ಲ. ಅವಳದು ಇದ್ದದ್ದು ಎರಡೇ ಫೋಟೋ. ಅಪ್ಪ ಎರಡನ್ನೂ ತೆಗೆದುಕೊಂಡು ಹೋದ, ಚೌಕ ಗೀಚಿದ, ಅವಳನ್ನು ಗುಂಪಿನಲ್ಲಿ ಕೂರಿಸಿದ. ಕೆಲಸ ಮುಗಿದು ಅಟ್ಟಣಿಗೆ ಬಿಚ್ಚಿದಾಗ ಬಣ್ಣ ಮೆತ್ತಿದ ಚಿಂದಿಗಳ ಜೊತೆ ಆ ಫೋಟೋಗಳೂ ಕಸಕ್ಕೆ ಹೋದವು. ಅಮ್ಮ ಕೇಳಿದ್ದಕ್ಕೆ ಅವನು, "ಗೋಡೆ ಮೇಲೆ ಆಳೆತ್ತರ ಇದಾಳಲ್ಲೇ, ಆ ಚೂರು ಕಾಗದ ಯಾಕೆ ನಿಂಗೆ?" ಅಂದನಂತೆ. ಅಮ್ಮ ಆಮೇಲೆ ಅವನ ಜೊತೆ ನಲವತ್ತಾರು ವರ್ಷ ಸಂಸಾರ ಮಾಡಿದಳು, ನನ್ನನ್ನೂ ಹೆತ್ತಳು. ಆ ಕಟ್ಟಡದ ಮೆಟ್ಟಿಲು ಮಾತ್ರ ತುಳಿಯಲಿಲ್ಲ.

ಅಪ್ಪ ಹೋಗಿ ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡಳು. "ಅವಳ ಮುಖ ಕಣ್ಣಿಗೆ ಕಟ್ತಾ ಇಲ್ಲ ಕಣೆ. ಜಡೆ ಬರುತ್ತೆ, ಸ್ವೆಟರಿನ ಬಣ್ಣ ಬರುತ್ತೆ, ಕೂಗೋ ದನಿ ಬರುತ್ತೆ. ಮುಖ ಮಾತ್ರ ತೊಳೆದುಬಿಟ್ಟ ಹಾಗಾಗಿದೆ. ಸಾಯೋದ್ರೊಳಗೆ ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ, ಕರ್ಕೊಂಡು ಹೋಗು."

ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ನಲವತ್ತೈದು ವರ್ಷದಿಂದ ಕಣ್ಣೆದುರಿಗೇ ಓಡಾಡಿಕೊಂಡಿರುವ ನನ್ನ ಮುಖವನ್ನು ಒಂದು ದಿನವೂ ಸರಿಯಾಗಿ ನೋಡಿದವಳಲ್ಲ ಅಮ್ಮ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವ ಕರ್ಮ ನನ್ನದು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಟಿಕೆಟ್ಟು ತೆಗೆಸಿದೆ.

ಆ ಕಟ್ಟಡದೊಳಗೆ ಕತ್ತಲೆಯ ಓಣಿ ದಾಟಿ, ಸುತ್ತುಮೆಟ್ಟಿಲು ಹತ್ತಿದರೆ ನೋಡುವವರು ನಿಲ್ಲುವ ನಡುವಿನ ಅಟ್ಟಕ್ಕೆ ಬರುತ್ತೇವೆ. ಅಲ್ಲಿ ನಿಂತರೆ ಸುತ್ತಲೂ ಉರಿಯುವ ಬಂದರು, ಮೇಲೆ ಹೊಗೆ, ಕೆಳಗೆ ಜನವೋ ಜನ. ಅಟ್ಟದಿಂದ ಕ್ಯಾನ್ವಾಸಿನ ತನಕ ನಿಜವಾದ ಮಣ್ಣು ಸುರಿದು, ಮುರಿದ ಗಾಡಿ, ಪೀಪಾಯಿ, ಒಣ ಗಿಡ ಎಲ್ಲ ಇಟ್ಟಿದ್ದರು. ಎಲ್ಲಿ ಮಣ್ಣು ಮುಗಿದು ಎಲ್ಲಿ ಚಿತ್ರ ಶುರುವಾಗುತ್ತದೆ ಎಂದು ಎಷ್ಟು ಕಣ್ಣು ಕಿರಿದು ಮಾಡಿದರೂ ತಿಳಿಯಲಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಇದ್ದವನು ಬೀಗದ ಗೊಂಚಲು ಹಿಡಿದ ಕಾವಲಿನವನು ಮಾತ್ರ.

"ಬಲಕ್ಕೆ ತಿರುಗು. ಬಾವಿ ಕಟ್ಟೆ ಮೇಲೆ ಗಂಟು ಹಿಡ್ಕೊಂಡು ಕೂತಿದಾಳೆ ಅಂದಿದ್ರು ಆಗ ನಿಮ್ಮಪ್ಪ," ಎಂದಳು ಅಮ್ಮ. 

ಬಾವಿಯ ಎರಡು ಕಂಬ ಇತ್ತು, ರಾಟೆ ಇತ್ತು. ಕಟ್ಟೆ ಇರಲಿಲ್ಲ. ಕಟ್ಟೆ ಇರಬೇಕಾದ ಕಡೆ ಮಣ್ಣಿನ ದಿಬ್ಬ, ಅದರ ಮೇಲೊಂದು ಪೀಪಾಯಿ. ಮೊಣಕಾಲು ಹಿಡಿದುಕೊಂಡು ಅಮ್ಮ ಮೂರು ಸುತ್ತು ಹಾಕಿದಳು. ಬೇರೆ ಬಾವಿ ಸಿಗಲಿಲ್ಲ. ನಾನು ಕಾವಲಿನವನ ಮೇಲೆ ಹರಿಹಾಯ್ದೆ. ಅವನು ಪಾಪ, ಸಮಾಧಾನದಿಂದಲೇ ಹೇಳಿದ.

"ತೇವಕ್ಕೆ ಚಿತ್ರದ ಬುಡ ಕೊಳೆತು ಹೋಗಿತ್ತು ತಾಯಿ. ಸುತ್ತಲೂ ಮೂರು ಮೊಳ ಎತ್ತರಕ್ಕೆ. ಸರಿಮಾಡೋಕೆ ಆಗಲ್ಲ ಅಂತ ನೆಲಾನೇ ಎತ್ತರಿಸಿಬಿಟ್ರು. ಹಲಗೆ ಹೊಡೆದು ಮೇಲೆ ಮಣ್ಣು ಸುರಿದ್ರು. ಹದಿನೈದು ವರ್ಷ ಆಯ್ತು."

"ಹಾಗಾದ್ರೆ ಅಲ್ಲಿದ್ದೋರು?"

"ಹಿಂದೆ ಇದಾರೆ."

ಅಮ್ಮ ಕಂಬಿ ಹಿಡಿದು ದಿಬ್ಬವನ್ನೇ ನೋಡುತ್ತಾ ನಿಂತಳು. "ಮತ್ತೆ ಮಣ್ಣು ಹಾಕಿದ್ರಾ," ಎಂದಳು. ಜೋರಾಗಿ ಅಲ್ಲ. ಅವಳ ಆ ದನಿ ಕೇಳಿ ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೇಗಾದರೂ ಆ ಮುಖ ಇವಳಿಗೆ ಸಿಗಲಿ, ಅಷ್ಟೇ ಸಾಕು ಅನ್ನಿಸಿತು.

ಗುಂಪಿನ ಮೇಷ್ಟ್ರ ಮಗಳು ಎಂದ ಮೇಲೆ ಕಾವಲಿನವನು ಮೆತ್ತಗಾದ. ಕ್ಯಾನ್ವಾಸಿಗೂ ಹಲಗೆಗೂ ನಡುವೆ ಒಬ್ಬರು ಅಡ್ಡಡ್ಡ ತೂರುವಷ್ಟು ಸಂದು ಇದೆ, ಇಲಿಬೋನು ಇಡಲು ತಾನು ಹೋಗುವುದುಂಟು ಎಂದ. ಅಟ್ಟದ ಕೆಳಗಿನಿಂದ ತೆವಳಿಕೊಂಡು ಹೋಗಬೇಕು. ಅಮ್ಮನ ಮಂಡಿಗೆ ಅದು ಆಗದ ಮಾತು. ಟಾರ್ಚು ತೆಗೆದುಕೊಂಡು ನಾನೇ ಹೊರಟೆ.

ಒಳಗೆ ಹಳೇ ಗೋಣಿಚೀಲದ ವಾಸನೆ. ತೆವಳಿ ತೆವಳಿ ಬಾವಿಯ ಕಟ್ಟೆ ಮುಟ್ಟಿದೆ. ಟಾರ್ಚು ಹಾಕಿದಾಗ ಮೊದಲು ಕಂಡದ್ದು ಒಂದು ಕೈ. ಗಂಟನ್ನು ಬಿಗಿಯಾಗಿ ಹಿಡಿದ, ಸಣ್ಣ ಬೆರಳಿನ ಕೈ.  ಬೆಳಕನ್ನು ಮೇಲೆ ಏರಿಸಿದೆ. ಮೊಣಕೈ ಇತ್ತು, ಅರ್ಧ ಹೆಗಲಿತ್ತು. ಅದರ ಮೇಲೆ ಏನೂ ಇರಲಿಲ್ಲ. ಬಣ್ಣ ಪೂರ್ತಿ ಉದುರಿ ಬರೀ ಬಟ್ಟೆ ಉಳಿದಿತ್ತು. ಬಟ್ಟೆಯ ಮೇಲೆ ಅಪ್ಪ ಎಳೆದ ಚೌಕಗಳು, ಖಾಲಿ. ನೆಲದ ಮೇಲೆ ಬಿದ್ದಿದ್ದ ಚಕ್ಕೆಗಳನ್ನು ಆರಿಸಲು ಹೋದರೆ ಬೆರಳಲ್ಲೇ ಪುಡಿಯಾದವು. ದಿನಾ ಹರಿದದ್ದನ್ನು ಹೊಲಿಯುವವಳು ನಾನು, ಇದಕ್ಕೆ ಎಲ್ಲಿ ಸೂಜಿ ಹಾಕಲಿ? ಅಲ್ಲೇ ಕೂತು ಒಂದಿಷ್ಟು ಅತ್ತೆ.

ಹೊರಗೆ ಬಂದಾಗ ಅಮ್ಮ ಅಟ್ಟದ ಬೆಂಚಿನ ತುದಿಗೆ ಸರಿದು ಕೂತಿದ್ದಳು.

"ಇದಾಳಾ?"

"ಇದಾಳೆ," ಎಂದೆ. ಮೈಮೇಲಿನ ಧೂಳು ಕೊಡವುತ್ತಾ ಹೇಳಿದ್ದರಿಂದ ಅವಳ ಮುಖ ನೋಡಬೇಕಾಗಿ ಬರಲಿಲ್ಲ.

"ಚೆನ್ನಾಗಿದಾಳಾ?"

"ಹೂಂ. ಹಾಗೇ ಇದಾಳೆ. ಅಪ್ಪ ಚೆನ್ನಾಗೇ ಬರೆದಿದಾರೆ."

ಒಳಗಿನ ಸ್ಥಿತಿ ಕಾವಲಿನವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಬೀಗದ ಗೊಂಚಲು ನೋಡಿಕೊಳ್ಳುತ್ತಾ ಆಚೆ ಸರಿದ.

"ಹುಬ್ಬಿನ ಮೇಲಿನ ಗಾಯದ ಗುರುತು? ಅದನ್ನೂ ಬರೆದಿದಾರಾ?"

ಗಾಯದ ವಿಷಯ ನಾನು ಆ ತನಕ ಕೇಳಿಯೇ ಇರಲಿಲ್ಲ. "ಬರೆದಿದಾರೆ," ಎಂದೆ.

"ಯಾವ ಹುಬ್ಬು?"

 ತಡ ಮಾಡಿದರೆ ಅನುಮಾನ ಬರುತ್ತದೆಂದು, "ಎಡಗಡೆದು," ಎಂದುಬಿಟ್ಟೆ.

ಅಮ್ಮ ನನ್ನ ಕಡೆ ತಿರುಗಿದಳು. "ಎಡಗಡೆನಾ? ನೋಡು, ನಾನು ಬಲಗಡೆ ಅಂತಿದ್ದೆ. ಕಂಕುಳಿಂದ ಜಾರಿಸಿ ಬೀಳಿಸಿದ್ದು ನಾನೇ ಕಣೆ, ಅವಳಿಗಾಗ ಒಂದು ವರ್ಷ. ದಿನಾ ಮಲಗಿಸುವಾಗ ಅಲ್ಲಿಗೇ ಮುತ್ತು ಕೊಡ್ತಿದ್ದೆ. ಇಷ್ಟು ವರ್ಷ ಬಲಗಡೆ ಅಂತಲೇ ಇಟ್ಕೊಂಡಿದ್ದೆ, ನನ್ನ ತಲೆಗಿಷ್ಟು." ಒಂದು ನಿಟ್ಟುಸಿರು ಬಿಟ್ಟು ಸೇರಿಸಿದಳು, "ನಿಮ್ಮಪ್ಪ ತಪ್ಪು ಬರೆದಿರಲ್ಲ ಬಿಡು. ಫೋಟೋ ಎದುರಿಗಿಟ್ಕೊಂಡು ಬರೆದಿದ್ದು."

ಆಗಲೇ ಹೇಳಿಬಿಡಬೇಕಿತ್ತು. ದಿನಾ ಮುತ್ತು ಕೊಟ್ಟವಳಿಗೆ ಜಾಗ ಮರೆಯುತ್ತದೆಯೇ? ಅಮ್ಮನ ನೆನಪಿನಲ್ಲಿ ಆ ಮುಖದ್ದೆಂದು ಸರಿಯಾಗಿ ಉಳಿದಿದ್ದ ಗುರುತು ಅದೊಂದೇ, ಅದನ್ನೂ ನಾನು ಒರೆಸುತ್ತಿದ್ದೇನೆ ಎಂದು ಗೊತ್ತಾಯಿತು. 

"ಬಗ್ಗು ಇಲ್ಲಿ," ಎಂದಳು ಅಮ್ಮ.

ಬಗ್ಗಿದೆ. ಅವಳು ಬೆರಳನ್ನು ನನ್ನ ಬಲಹುಬ್ಬಿನ ಮೇಲೆ ಇಟ್ಟಳು. ಅಲ್ಲಿಂದ ಎತ್ತಿ ಎಡಹುಬ್ಬಿನ ಮೇಲೆ ಇಟ್ಟಳು. ಕಣ್ಣು ಮುಚ್ಚಿಕೊಂಡಳು.

"ಹಾಂ, ಈಗ ಬರ್ತಾ ಇದಾಳೆ ಕಣೆ," ಎಂದಳು. "ಸ್ವಲ್ಪ ಹೊತ್ತು ಅಲ್ಲಾಡಬೇಡ."